ಅರಗಿನಲ್ಲಿ ಉಳಿದ ದನಿ

ಕಲ್ಲಿನ ಮೇಲೆ ಕೊರೆದ ಶಾಸನವು ಸಾವಿರ ವರ್ಷ ಉಳಿಯುತ್ತದೆ; ತಾಳೆಗರಿಯ ಮೇಲೆ ಬರೆದ ಕಾವ್ಯವು ಕೆಲವು ಶತಮಾನಗಳಾದರೂ ಬಾಳುತ್ತದೆ. ಆದರೆ ಹಾಡಿದ ದನಿಯ ಗತಿಯೇನು? ಪುರಂದರದಾಸರ ಕೀರ್ತನೆಗಳು ಕನ್ನಡಿಗರಿಗೆ ದೊರೆತಿವೆ; ಅವರ ಕಂಠ ದೊರೆತಿಲ್ಲ. 1877ರಲ್ಲಿ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ನನು ತವರದ ತೆಳುಹಾಳೆಯನ್ನು ಸುತ್ತಿದ ಉರುಳೆಯೊಂದರ ಮೇಲೆ ಮಾತನ್ನು ಹಿಡಿದು, ಅದನ್ನು ಮರಳಿ ನುಡಿಸಿ ತೋರಿಸಿದನು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲಿನರ್ ಎಂಬಾತನು ಉರುಳೆಗೆ ಬದಲಾಗಿ ಚಪ್ಪಟೆಯಾದ ತಟ್ಟೆಯನ್ನು ಬಳಸುವ ಗ್ರಾಮಾಫೋನನ್ನು ರೂಪಿಸಿದನು. ತಟ್ಟೆಗೆ ಒಂದು ದೊಡ್ಡ ಅನುಕೂಲವಿತ್ತು. ಒಂದೇ ಲೋಹದ ಅಚ್ಚಿನಿಂದ ನೂರಾರು ಪ್ರತಿಗಳನ್ನು ಒತ್ತಿ ತೆಗೆಯಬಹುದಾಗಿತ್ತು. ಪುಸ್ತಕಕ್ಕೆ ಮುದ್ರಣ ಬಂದಂತೆ ಹಾಡಿಗೂ ಮುದ್ರಣ ಬಂದಿತು.

ಈ ತಟ್ಟೆಗಳನ್ನು ಮಾಡುತ್ತಿದ್ದ ಮುಖ್ಯ ವಸ್ತು ಭಾರತಕ್ಕೆ ಬಹು ಪರಿಚಿತವಾದುದು. ಮುತ್ತುಗ, ಎಲಚಿ ಮೊದಲಾದ ಮರಗಳ ಎಳೆಯ ರೆಂಬೆಗಳಿಗೆ ಮುತ್ತಿಕೊಳ್ಳುವ ಒಂದು ಸಣ್ಣ ಕೀಟವು ಸ್ರವಿಸುವ ಅಂಟೇ ಅರಗು. ಪಾಂಡವರನ್ನು ಸುಡಲೆಂದು ದುರ್ಯೋಧನನು ಕಟ್ಟಿಸಿದ ಮನೆಯೂ ಇದರದೇ. ಭಾರತದ ಕಾಡುಗಳಿಂದ ಹೊರದೇಶಗಳಿಗೆ ಹೋದ ಅರಗಿಗೆ ನುಣ್ಣನೆಯ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತುತ್ತಿದ್ದರು. ತಟ್ಟೆಯ ಕಪ್ಪು ಬಣ್ಣವು ಆ ಮಸಿಯದು. ಇಂತಹ ತಟ್ಟೆಯು ಕೈಜಾರಿ ಬಿದ್ದರೆ ಮಡಕೆಯಂತೆ ಹೋಳಾಗುತ್ತದೆ. ಬಿಸಿಲಿನಲ್ಲಿಟ್ಟರೆ ಹಪ್ಪಳದಂತೆ ಡೊಂಕಾಗುತ್ತದೆ. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿದ್ದ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದ ಹಾಡು ಮಾತ್ರ. ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸಬಲ್ಲ ವಿದ್ವಾಂಸರು ಅದನ್ನು ಮೂರು ನಿಮಿಷಗಳಲ್ಲಿ ಮುಗಿಸಬೇಕಾಗಿತ್ತು. ಆ ಇಕ್ಕಟ್ಟಿನಲ್ಲಿ ಕೆಲವರು ಸೋತರು. ಕೆಲವರು ಒಂದು ಮಾತೂ ಹೆಚ್ಚಿಲ್ಲದ ಚಿಕ್ಕ ಪದ್ಯದಂತೆ ರಾಗವನ್ನು ಕಡೆದಿಟ್ಟರು.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನು ಕಲಕತ್ತೆಗೆ ಬಂದು ಭಾರತೀಯ ಗಾಯಕರ ದನಿಯನ್ನು ಮುದ್ರಿಸಿಕೊಂಡನು. ಆಗ ಮೈಕು ಇರಲಿಲ್ಲ. ಹಾಡುವವರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು. ಹಾಗೆ ಹಾಡಿದವರಲ್ಲಿ ಹೆಸರಾದವಳು ಗೌಹರ್ ಜಾನ್. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ಅದು ಜಂಬವಲ್ಲ. ಮುದ್ರಿಸಿದ ಮೇಣದ ಫಲಕಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದವು. ಭಾಷೆಯರಿಯದ ಕೆಲಸಗಾರರಿಗೆ ಹಾಡಿದವರು ಯಾರೆಂಬುದು ತಿಳಿಯಬೇಕಾಗಿತ್ತು. ಈ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು.

ತಟ್ಟೆಗಳನ್ನು ಮಾಡಿದವರು ವ್ಯಾಪಾರಿಗಳು. ಮಾರಾಟ ನಿಂತ ಹಾಡನ್ನು ಕಾಪಾಡಬೇಕೆಂಬ ಹಂಬಲ ಅವರಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಗಿಗೆ ಬರ ಬಂದಾಗ, 1942ರಲ್ಲಿ ಅಮೆರಿಕದ ಸರ್ಕಾರವು ಅದರ ಬಳಕೆಗೆ ಮಿತಿ ಹಾಕಿತು. ಹಳೆಯ ತಟ್ಟೆಗಳನ್ನು ಜನರಿಂದ ಕೊಂಡು, ಕರಗಿಸಿ, ಹೊಸ ಹಾಡನ್ನು ಒತ್ತಿದರು. 1948ರಲ್ಲಿ ವಿನೈಲ್ ಎಂಬ ಕೃತಕ ವಸ್ತುವಿನಿಂದ ಮಾಡಿದ, ನಿಧಾನವಾಗಿ ತಿರುಗಿ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡಬಲ್ಲ ತಟ್ಟೆ ಬಂದಿತು. ಆಮೇಲೆ ಅರಗಿನ ತಟ್ಟೆಗಳು ಒಂದೊಂದಾಗಿ ಅಟ್ಟಕ್ಕೇರಿದವು. ಅಟ್ಟದಿಂದ ಗುಜರಿಯ ಅಂಗಡಿಗೆ ಇಳಿದವು. ಅಲ್ಲಿಂದ ಅವುಗಳನ್ನು ಆರಿಸಿ ತಂದವರೇ ಸಂಗ್ರಾಹಕರು. ಮುಂಬಯಿಯ ಚೋರ್ ಬಜಾರಿನಲ್ಲಿ ಧೂಳು ತುಂಬಿದ ರಾಶಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ ಇಂಥವರಿಗೆ ಮನೆಯವರಿಂದ ಸಿಕ್ಕಿದ್ದು ಬಹುಮಟ್ಟಿಗೆ ಬೈಗುಳವೇ ಇರಬೇಕು. 1990ರಲ್ಲಿ ಮುಂಬಯಿಯಲ್ಲಿ ಅವರು ತಮ್ಮದೇ ಒಂದು ಸಂಘವನ್ನು ಕಟ್ಟಿ, ಪತ್ರಿಕೆಯನ್ನೂ ಹೊರಡಿಸಿದರು.

ಅವರು ಉಳಿಸಿದ್ದು ಏನನ್ನು? ಗಂಗೂಬಾಯಿ ಹಾನಗಲ್ಲರ ಗಂಭೀರವಾದ, ಗಂಡುದನಿಯೆನಿಸುವಂಥ ಕಂಠವನ್ನು ಕೇಳದ ಕನ್ನಡಿಗರು ವಿರಳ. ಆದರೆ 1930ರ ದಶಕದಲ್ಲಿ ಅವರು ಹಾಡಿದ ತಟ್ಟೆಗಳನ್ನು ಹಾಕಿದರೆ ತೆಳುವಾದ, ಎತ್ತರದ ಹೆಣ್ಣುದನಿಯೊಂದು ಕೇಳಿಬರುತ್ತದೆ. ಮುಂದೆ ಗಂಟಲಿನ ಚಿಕಿತ್ಸೆಯ ತರುವಾಯ ಆ ದನಿ ಬದಲಾಯಿತು. ಹಿರಿಯರ ನೆನಪಿನಲ್ಲಿ ಮಾತ್ರ ಉಳಿದು ಅವರೊಡನೆಯೇ ಅಳಿಯಬೇಕಾಗಿದ್ದ ಆ ಮೊದಲ ಕಂಠವನ್ನು ಇಂದಿನ ಹುಡುಗನೊಬ್ಬನು ಕೇಳಬಲ್ಲನಾದರೆ, ಅದಕ್ಕೆ ಆ ತಟ್ಟೆಗಳನ್ನು ಎಸೆಯದೆ ಇಟ್ಟುಕೊಂಡವರೇ ಕಾರಣ.

ಸಂಗ್ರಹವೆಂದರೆ ರಾಶಿ ಹಾಕುವುದಲ್ಲ. ಲೇಬಲ್ಲಿನ ಬಳಿ, ಹಾಡು ಮುಗಿದ ಮೇಲೆ ಉಳಿಯುವ ನುಣುಪಾದ ಜಾಗದಲ್ಲಿ, ಒಂದು ಸಂಖ್ಯೆಯನ್ನು ಕೊರೆದಿರುತ್ತಾರೆ. ಲೇಬಲ್ಲು ಹರಿದುಹೋಗಿದ್ದರೂ ಆ ಸಂಖ್ಯೆಯಿಂದ ಮುದ್ರಣದ ಕಾಲ, ಸ್ಥಳಗಳನ್ನು ಪತ್ತೆಹಚ್ಚಬಹುದು. ಶಾಸನತಜ್ಞನಿಗೆ ಲಿಪಿಯಿದ್ದಂತೆ ಸಂಗ್ರಾಹಕನಿಗೆ ಈ ಅಂಕೆಗಳು. ಇನ್ನೊಂದು ವಿಚಿತ್ರವಿದೆ. ಹಳೆಯ ಯಂತ್ರದ ಉಕ್ಕಿನ ಮುಳ್ಳು ಭಾರವಾಗಿ ಕುಳಿತು, ಪ್ರತಿ ಸಲವೂ ಹಾಡಿನ ಗೆರೆಯನ್ನು ಒಂದಿಷ್ಟು ಸವೆಸುತ್ತಿತ್ತು. ಆದ್ದರಿಂದ ಜನ ಬಹುವಾಗಿ ಮೆಚ್ಚಿದ ಹಾಡಿನ ತಟ್ಟೆಯೇ ಇಂದು ಹೆಚ್ಚು ಗೊರಗೊರ ಎನ್ನುತ್ತದೆ. ಯಾರಿಗೂ ಬೇಡವಾದದ್ದು ಹೊಸದರಂತೆ ಹಾಡುತ್ತದೆ. ಬೆಲೆಯ ಲೆಕ್ಕವೂ ಹೀಗೆಯೇ ತಲೆಕೆಳಗು. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು 1960ರ ದಶಕದಲ್ಲಿ ಅವರ ನಾಡಿನಲ್ಲಿ ವಿನೈಲಿನಲ್ಲಿ ಹೊರಬಂದರೆ, ಭಾರತದಲ್ಲಿ ಅರಗಿನ ತಟ್ಟೆಗಳಲ್ಲಿಯೂ ಬಂದವು. ಇಲ್ಲಿ ಕೀಲಿ ಕೊಡುವ ಹಳೆಯ ಯಂತ್ರಗಳು ಇನ್ನೂ ಬಳಕೆಯಲ್ಲಿದ್ದವು. ಆ ಭಾರತೀಯ ತಟ್ಟೆಗಳಿಗಾಗಿ ಪಶ್ಚಿಮದ ಸಂಗ್ರಾಹಕರು ಇಂದು ದೊಡ್ಡ ಬೆಲೆ ತೆರುತ್ತಾರೆ.

ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಬಾರದು. ಅರಗು ಅದರಲ್ಲಿ ಕರಗುತ್ತದೆ. ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನಿಲ್ಲಿಸಿಡಬೇಕು. ಹಾಡನ್ನು ಗಣಕಯಂತ್ರಕ್ಕೆ ಇಳಿಸಿಕೊಂಡ ಮೇಲೆ ತಟ್ಟೆಯೇಕೆ ಎಂದು ಕೇಳುವವರುಂಟು. ಮೊದಮೊದಲಿನ ತಟ್ಟೆಗಳೆಲ್ಲ ಸರಿಯಾಗಿ 78ರ ವೇಗದಲ್ಲಿ ಮುದ್ರಿತವಾದವುಗಳಲ್ಲ. ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ, ಗಾಯಕರ ದನಿಯೇ ಬೇರೆಯಾಗುತ್ತದೆ. ಇಳಿಸಿದವರ ಅಂದಾಜು ತಪ್ಪೆಂದು ಮುಂದೆ ತಿಳಿದುಬಂದರೆ ಮರಳಿ ಹೋಗಬೇಕಾದುದು ಮೂಲ ತಟ್ಟೆಗೇ. ಆದುದರಿಂದಲೇ ಬಲ್ಲವರು ಒಡೆದ ತಟ್ಟೆಯನ್ನೂ ಎಸೆಯುವುದಿಲ್ಲ. ಎರಡು ಹೋಳುಗಳನ್ನು ಗೆರೆಗೆ ಗೆರೆ ಕೂಡುವಂತೆ ಜೋಡಿಸಿ, ಯಂತ್ರದ ಮೇಲಿಟ್ಟು ತಿರುಗಿಸುತ್ತಾರೆ. ಸುತ್ತಿಗೆ ಎರಡು ಸಲ ಟಕ್ ಟಕ್ಕೆಂದು ಮುಳ್ಳು ಬಿರುಕನ್ನು ದಾಟುತ್ತದೆ. ನಡುವೆ ಹಾಡು ಸಾಗುತ್ತಿರುತ್ತದೆ.