ಅವ್ವನ ಫೋಟೋಗೆ ಕಟ್ಟು

ಅಕ್ಕ ಟ್ರಂಕು ತೆಗೆದಳು. ಅದರಲ್ಲಿ ಅವ್ವನ ಫೋಟೋ ಇತ್ತು. ಇರುವುದು ಅದೊಂದೇ ಫೋಟೋ. ಅಂಚಿಗೆ ಹುಳು ಹತ್ತಿತ್ತು.

"ಪೇಟೆಗೆ ಹೋಗಿ ಕಟ್ಟು ಹಾಕಿಸೋಣ್ವೇನಕ್ಕ?" ಎಂದಳು ತಂಗಿ.

"ಬೇಡ ಕಣೆ, ನಾವೇ ಮಾಡೋಣ. ಅಪ್ಪ ಮರ ಕೊಯ್ಯೋದು ದಿನಾ ನೋಡಿದೀವಿ. ನಮ್ಮ ಕೈಗೆ ಗರಗಸ ಕೊಡ್ಲಿಲ್ಲ, ಅಷ್ಟೆ."

"ಮೂಲೆ ಓರೆಯಾಗಿ ಕೊಯ್ಯೋಕೆ ಕರೆಂಟಿನ ಮಿಷನ್ ಬೇಕಲ್ವ?"

ಬೇಡ. ಸಣ್ಣ ಹಲ್ಲಿನ ಕೈಗರಗಸ ಸಾಕು. ಹೇಗೆ? ನೋಡೋಣ.

ಓರೆ ಅಳತೆ

ಚೌಕಟ್ಟಿನ ಒಂದು ಮೂಲೆ 90 ಡಿಗ್ರಿ. ಅಲ್ಲಿ ಎರಡು ಪಟ್ಟಿ ಸೇರುತ್ತವೆ. ಒಂದೊಂದರ ಪಾಲು 45 ಡಿಗ್ರಿ. ಇದನ್ನು ಅಳೆಯುವುದು ಸುಲಭ. ಚೌಕ ಕರವಸ್ತ್ರವನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸುತ್ತೀರಲ್ಲ? ಹಾಗೆಯೇ ಚೌಕವಾದ ದಪ್ಪ ಕಾಗದ ಮಡಿಸಿ. ಮಡಿಕೆಯ ಓರೆಯೇ 45 ಡಿಗ್ರಿ.

ಉದ್ದದ ಲೆಕ್ಕ

ಅವ್ವನ ಫೋಟೋ 10 ಇಂಚು ಉದ್ದ, 8 ಇಂಚು ಅಗಲ. ಮರದ ಪಟ್ಟಿ 1 ಇಂಚು ಅಗಲ. ಪಟ್ಟಿಯ ಹೊರ ಅಂಚು 11 ಇಂಚಿನವು ಎರಡು, 9 ಇಂಚಿನವು ಎರಡು ಬೇಕು. ಒಟ್ಟು 40 ಇಂಚು. ಕೊಯ್ಯುವಾಗ ಸ್ವಲ್ಪ ಪುಡಿಯಾಗಿ ಹೋಗುತ್ತದೆ. ಆದ್ದರಿಂದ 4 ಅಡಿ ಪಟ್ಟಿ ತನ್ನಿ.

ಕೊಯ್ಯುವುದು

ಮಡಿಸಿದ ಕಾಗದದ ನೇರ ಅಂಚನ್ನು ಪಟ್ಟಿಯ ಅಂಚಿಗೆ ಹೊಂದಿಸಿ. ಓರೆ ಗೆರೆ ಎಳೆಯಿರಿ. ಎರಡು ತುದಿಯ ಓರೆಯೂ ಒಳಮುಖವಾಗಿರಲಿ. ಆಗ ಹೊರ ಅಂಚು 11 ಇಂಚಾದರೆ ಒಳ ಅಂಚು 9 ಇಂಚು ಬರುತ್ತದೆ.

ಪಟ್ಟಿಯನ್ನು ಮಣೆಯ ಮೇಲಿಟ್ಟು ಅಲುಗದಂತೆ ಒತ್ತಿ ಹಿಡಿಯಿರಿ. ಬೆರಳು ಗರಗಸದಿಂದ ದೂರ ಇರಲಿ. ಗೆರೆಯ ಮೇಲೆ ಬೇಡ, ಗೆರೆಯ ಹೊರಗೆ ಕೊಯ್ಯಿರಿ. ಉಳಿದದ್ದನ್ನು ಉಪ್ಪುಕಾಗದದಿಂದ ಗೆರೆಯವರೆಗೆ ಉಜ್ಜಿ. ಹೆಚ್ಚಾದರೆ ಉಜ್ಜಬಹುದು. ಕಡಿಮೆಯಾದರೆ ಸೇರಿಸಲಾಗದು.

ಜೋಡಿಸುವುದು

ತಂಗಿ ನಾಲ್ಕೂ ಪಟ್ಟಿ ಜೋಡಿಸಿದಳು. ಮೂರು ಮೂಲೆ ಕೂಡಿತು. ನಾಲ್ಕನೆಯದು ಬಾಯಿ ಬಿಟ್ಟಿತು.

"ಅಯ್ಯೋ, ಕೆಟ್ಟೋಯ್ತು!"

"ಏನೂ ಕೆಟ್ಟಿಲ್ಲ. ಎದುರುಬದುರು ಪಟ್ಟಿ ಸಮ ಇದೆಯಾ ನೋಡು."

ಒಂದು ಪಟ್ಟಿ ಕೂದಲೆಳೆಯಷ್ಟು ಉದ್ದವಿತ್ತು. ಉಜ್ಜಿ ಸಮ ಮಾಡಿದರು. ಉಳಿದ ಸಣ್ಣ ಸಂದಿಗೆ ಮರದ ಪುಡಿ, ಅಂಟು ಕಲಸಿ ತುಂಬಿದರು.

ಮೂಲೆಗಳಿಗೆ ಮರದ ಅಂಟು ಹಚ್ಚಿ. ಸುತ್ತಲೂ ಹುರಿ ಬಿಗಿಯಾಗಿ ಕಟ್ಟಿ. ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಅಳೆಯಿರಿ. ಎರಡು ಅಳತೆಯೂ ಒಂದೇ ಬಂದರೆ ಕಟ್ಟು ಸೊಟ್ಟಗಿಲ್ಲ. ಒಂದು ದಿನ ಒಣಗಲಿ.

ಆಮೇಲೆ ಹಿಂಬದಿಯಲ್ಲಿ ಸಣ್ಣ ಮೊಳೆಗಳನ್ನು ಅರ್ಧ ಹೊಡೆಯಿರಿ. ನಡುವೆ ಗಾಜು, ಫೋಟೋ, ರಟ್ಟು ಇಡಿ. ಇಕ್ಕಳದಿಂದ ಮೊಳೆ ಬಗ್ಗಿಸಿ.

ಈಗ ಅವ್ವ ಗೋಡೆಯ ಮೇಲಿದ್ದಾಳೆ. ಹಿಂದಿನ ರಟ್ಟಿನ ಮೇಲೆ ತಂಗಿ ಪೆನ್ಸಿಲಿನಲ್ಲಿ ಬರೆದಳು: "ಮಾಡಿದವರು: ಅವ್ವನ ಮಕ್ಕಳು."

ನಿಮ್ಮ ಟ್ರಂಕಿನಲ್ಲಿ ಯಾರ ಫೋಟೋ ಇದೆ?