ಹೊರಗಿನ ಹಣ, ಒಳಗಿನ ನೀತಿ

ವಿನಿಮಯದರದ ಸ್ಥಿರತೆ, ಬಂಡವಾಳದ ನಿರಂಕುಶ ಸಂಚಾರ, ಬಡ್ಡಿದರವನ್ನು ಸ್ವದೇಶದ ಹಿತಕ್ಕೆ ತಕ್ಕಂತೆ ನಿಶ್ಚಯಿಸುವ ಸ್ವಾತಂತ್ರ್ಯ, ಈ ಮೂರನ್ನೂ ಯಾವ ರಾಷ್ಟ್ರವೂ ಏಕಕಾಲದಲ್ಲಿ ಹೊಂದಲಾರದೆಂಬುದು ಅರ್ಥಶಾಸ್ತ್ರಜ್ಞರು 1960ರ ದಶಕದಿಂದ ಹೇಳುತ್ತ ಬಂದಿರುವ ಮಾತು. ಅದರ ಕಠೋರ ಸತ್ಯವನ್ನು ಥಾಯ್ಲೆಂಡಿನ ಜನತೆ 1997ರಲ್ಲಿ ಸ್ವಾನುಭವದಿಂದ ಅರಿಯಬೇಕಾಯಿತು.

1993ರಲ್ಲಿ ಆ ದೇಶದ ಸರ್ಕಾರವು ಬ್ಯಾಂಕಾಕಿನಲ್ಲಿ ವಿದೇಶೀ ಸಾಲದ ಬಾಗಿಲನ್ನು ವಿಶಾಲವಾಗಿ ತೆರೆದಾಗ, ಡಾಲರಿಗೆ ಸುಮಾರು 25 ಬಾತ್ ಎಂಬ ದರವು ಅಚಲವೆಂದು ನಂಬಿದ ಹಣಕಾಸು ಸಂಸ್ಥೆಗಳು, ಹೊರಗೆ ಅಗ್ಗದ ಬಡ್ಡಿಗೆ ಅಲ್ಪಾವಧಿಯ ಸಾಲವನ್ನೆತ್ತಿ, ಒಳಗೆ ಅದನ್ನು ಕಟ್ಟಡ ನಿವೇಶನಗಳ ವ್ಯವಹಾರಕ್ಕೆ ಹೆಚ್ಚಿನ ಬಡ್ಡಿಗೆ ಒದಗಿಸಿದುವು. ರಫ್ತು ಸೊರಗಿ, ಕಟ್ಟಿದ ಮನೆಗಳು ಕೊಳ್ಳುವವರಿಲ್ಲದೆ ಉಳಿದಾಗ, ಬಂದುದಕ್ಕಿಂತಲೂ ವೇಗವಾಗಿ ಹಣವು ಹಿಂದಿರುಗತೊಡಗಿತು. ಬಾತಿನ ಮೌಲ್ಯವನ್ನು ಕಾಪಾಡಲೆಂದು ಮೀಸಲು ಡಾಲರುಗಳನ್ನು ಬಹುಮಟ್ಟಿಗೆ ವ್ಯಯಿಸಿದ ಕೇಂದ್ರ ಬ್ಯಾಂಕು, 1997ರ ಜುಲೈ 2ರಂದು ಆ ಪ್ರಯತ್ನವನ್ನೇ ಕೈಬಿಟ್ಟಿತು. ಮರುವರ್ಷದ ಜನವರಿಯಲ್ಲಿ ದರವು 50 ಬಾತನ್ನು ದಾಟಿದಾಗ, ಒಂದು ಲಕ್ಷ ಡಾಲರ್ ಸಾಲವಿದ್ದ ವ್ಯಾಪಾರಿಯ ಹೊರೆ, ಆತನು ಹೊಸದಾಗಿ ಒಂದು ಕಾಸನ್ನೂ ಪಡೆಯದಿದ್ದರೂ, 25 ಲಕ್ಷ ಬಾತಿನಿಂದ 50 ಲಕ್ಷಕ್ಕೂ ಮಿಗಿಲಾಯಿತು.

ಆ ಸರ್ಕಾರವು ದುಂದುವೆಚ್ಚ ಮಾಡಿದುದಲ್ಲ. ಬಿಕ್ಕಟ್ಟಿಗೆ ಮುನ್ನ ಹಲವು ವರ್ಷ ಅದರ ಮುಂಗಡಪತ್ರದಲ್ಲಿ ಮಿಗತೆಯೇ ಇದ್ದಿತು. ಆದರೂ ಸುಮಾರು 1,700 ಕೋಟಿ ಡಾಲರಿನ ನೆರವಿಗಾಗಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಷರತ್ತುಗಳಿಗೆ ತಲೆಬಾಗಿ, ಉದ್ಯಮಗಳು ಕುಸಿಯುತ್ತಿದ್ದ ಕಾಲದಲ್ಲಿಯೇ ಬಡ್ಡಿಯನ್ನೇರಿಸಿ ವೆಚ್ಚವನ್ನಿಳಿಸಿತು. 56 ಹಣಕಾಸು ಸಂಸ್ಥೆಗಳು ಮುಚ್ಚಿಹೋದುವು. ಪ್ರಜೆಗಳಿಗೆ ಉತ್ತರ ಹೇಳಬೇಕಾದ ಮಂತ್ರಿಮಂಡಲವು ಸಾಲ ಕೊಟ್ಟವರ ಮುಖ ನೋಡಿ ನೀತಿಯನ್ನು ರೂಪಿಸಬೇಕಾಗಿ ಬಂದುದೇ ಈ ವೃತ್ತಾಂತದ ಅತ್ಯಂತ ವ್ಯಥೆಯ ಸಂಗತಿ.

ನೆರೆಯ ಮಲೇಷ್ಯಾದ ಪ್ರಧಾನಿ ಮಹಾತಿರ್ ಮೊಹಮದ್ ಅನ್ಯಮಾರ್ಗವನ್ನು ಹಿಡಿದರು. 1998ರ ಸೆಪ್ಟೆಂಬರಿನಲ್ಲಿ ರಿಂಗಿಟ್ಟನ್ನು ಡಾಲರಿಗೆ 3.80ರಂತೆ ಸ್ಥಿರಗೊಳಿಸಿ, ಷೇರುಪೇಟೆಗೆ ಬಂದ ವಿದೇಶೀ ಹಣವು ಒಂದು ವರ್ಷ ಹೊರಹೋಗದಂತೆ ತಡೆದು, ಅದರ ಆಸರೆಯಲ್ಲಿ ಬಡ್ಡಿಯನ್ನಿಳಿಸಿದರು. ಅನಂತರದ ಚೇತರಿಕೆಗೆ ಅದೊಂದೇ ಕಾರಣವೆನ್ನಲಾಗದು, ದಕ್ಷಿಣ ಕೊರಿಯವು ಅಂಥ ಕ್ರಮವಿಲ್ಲದೆಯೂ ಚೇತರಿಸಿಕೊಂಡಿತು. ಆದರೂ ನೀತಿಯ ಸೂತ್ರವನ್ನು ಸ್ವಹಸ್ತದಲ್ಲಿ ಉಳಿಸಿಕೊಳ್ಳುವುದು ಅಸಾಧ್ಯವಲ್ಲವೆಂಬುದು ಅದರಿಂದ ಸಿದ್ಧವಾಯಿತು. 2012ರಲ್ಲಿ ಹಣಕಾಸು ನಿಧಿಯೂ ಕೆಲವು ಸಂದರ್ಭಗಳಲ್ಲಿ ಇಂಥ ನಿರ್ಬಂಧಗಳು ಉಚಿತವೆಂದು ಒಪ್ಪಿತು.

ಬಾಗಿಲನ್ನು ಪೂರ್ಣವಾಗಿ ತೆರೆಯದ ಭಾರತಕ್ಕೂ ಈ ಒತ್ತಡ ತಪ್ಪಿದುದಲ್ಲ. 2013ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ತನ್ನ ಬಾಂಡ್ ಖರೀದಿಯನ್ನು ತಗ್ಗಿಸುವ ಸೂಚನೆಯಿತ್ತ ಮಾತ್ರಕ್ಕೆ ಬಂಡವಾಳವು ಹೊರಹರಿದು, ಆಗಸ್ಟಿನಲ್ಲಿ ಡಾಲರಿನ ಬೆಲೆ 68 ರೂಪಾಯಿಯನ್ನು ದಾಟಿತು. ಬೆಳವಣಿಗೆ ಕುಗ್ಗಿದ್ದ ಆ ವೇಳೆಯಲ್ಲಿಯೂ ರಿಸರ್ವ್ ಬ್ಯಾಂಕು ಅಲ್ಪಾವಧಿ ಬಡ್ಡಿಯನ್ನು ಏರಿಸಬೇಕಾಯಿತು.

ಕಾರ್ಖಾನೆ ಕಟ್ಟಿ ನೆಲೆನಿಲ್ಲುವ ಬಂಡವಾಳವು ಸ್ವಾಗತಾರ್ಹ. ಆದರೆ ಬ್ಯಾಂಕುಗಳ ಮೇಲ್ವಿಚಾರಣೆ ಬಲಗೊಳ್ಳುವುದಕ್ಕೆ ಮೊದಲೇ ಅಲ್ಪಾವಧಿಯ ಹಣಕ್ಕೆ ದಾರಿ ಬಿಡುವ ರಾಷ್ಟ್ರವು, ವಿಪತ್ಕಾಲದಲ್ಲಿ ತನ್ನ ಪ್ರಜೆಗಳ ನೆರವಿಗೆ ಬರುವ ಶಕ್ತಿಯನ್ನೇ ಒತ್ತೆಯಿಟ್ಟಂತಾಗುತ್ತದೆ.