ಬಾರಿನ ಸಪ್ಲೈಯರ್ ಗುರುತು ಮರೆತದ್ದೇಕೆ?

ಹತ್ತು ವರ್ಷಗಳಿಂದ ಒಂದೇ ಬಾರಿಗೆ ಹೋಗುತ್ತಿರುವ ಗಿರಾಕಿಯ ಕೈಗೆ ಮೆನು ಕಾರ್ಡು ಕೊಟ್ಟರೆ ಅದು ಉಪಚಾರವಲ್ಲ, ಅವಮಾನ. ಆತನ ಮೇಜು ಯಾವುದು, ನೈಂಟಿಗೆ ನೀರು ಬೆರೆಸಬೇಕೋ ಸೋಡಾ ಬೆರೆಸಬೇಕೋ, ಕಡಲೆಬೀಜಕ್ಕೆ ಈರುಳ್ಳಿ ಬೇಕೋ ಬೇಡವೋ ಎಂಬುದೆಲ್ಲ ಸಪ್ಲೈಯರ್‌ಗೆ ಕೇಳದೆಯೇ ಗೊತ್ತಿರಬೇಕು. ಹಾಗೆ ಗೊತ್ತಿರುವ ಬಾರುಗಳು ವಿರಳವಾಗುತ್ತಿವೆ ಎಂಬುದು ಹಳೆಯ ಗಿರಾಕಿಗಳ ದೂರು. ಕುಳಿತು ಕಾಲು ಗಂಟೆಯಾದರೂ ಯಾರೂ ತಿರುಗಿ ನೋಡುವುದಿಲ್ಲ. ಗ್ಲಾಸು ಬರಿದಾಗುವ ಮೊದಲೇ ಬಿಲ್ಲು ಬರುತ್ತದೆ, ಚಿಲ್ಲರೆ ಮಾತ್ರ ಬರುವುದಿಲ್ಲ.

ಇದಕ್ಕೆ ಸಪ್ಲೈಯರ್‌ನನ್ನು ಬೈದು ಎದ್ದು ಬರುವುದು ಸುಲಭ. ಆದರೆ ದೂರಿನ ಬೇರು ಇರುವುದು ಗಲ್ಲಾದ ಹಿಂದಿನ ಗೋಡೆಯಲ್ಲಿ, ಚೌಕಟ್ಟು ಹಾಕಿ ತೂಗುಹಾಕಿದ ಒಂದು ಕಾಗದದಲ್ಲಿ. ಅದೇ ಲೈಸೆನ್ಸ್.

ಬಾರು ಎಂದರೆ ಮದ್ಯ ಸಿಗುವ ಜಾಗ ಮಾತ್ರವಲ್ಲ ಎಂಬ ಮಾತು ಹೊಸದೇನಲ್ಲ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ತನ್ನ ಮೆಚ್ಚಿನ ಪಬ್ಬಿನ ವರ್ಣನೆ ಬರೆದ. ಅಲ್ಲಿ ಬಡಿಸುವ ಹೆಂಗಸರಿಗೆ ಹೆಚ್ಚಿನ ಗಿರಾಕಿಗಳ ಹೆಸರೇ ಗೊತ್ತು. ಕೊನೆಗೆ, ಅಂಥ ಪಬ್ಬು ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡ! ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಇಂಥ ಜಾಗಗಳಿಗೆ 'ಮೂರನೆಯ ತಾಣ' ಎಂಬ ಹೆಸರು ಕೊಟ್ಟ. ಮೊದಲನೆಯದು ಮನೆ, ಎರಡನೆಯದು ಕೆಲಸದ ಜಾಗ. ಎರಡರ ಹಂಗೂ ಇಲ್ಲದೆ ನಾಲ್ಕು ಜನ ಕೂಡಿ ಹರಟುವ ಚಹಾದಂಗಡಿ, ಕ್ಷೌರದಂಗಡಿ, ಬಾರು ಮೂರನೆಯವು. ಇವುಗಳ ಜೀವಾಳ ಖಾಯಂ ಗಿರಾಕಿ.

ಕರ್ನಾಟಕದ ಕಾನೂನು ಕೂಡ ಒಂದು ರೀತಿಯಲ್ಲಿ ಇದನ್ನು ಒಪ್ಪುತ್ತದೆ. 1965ರ ಅಬಕಾರಿ ಕಾಯ್ದೆಯ ಅಡಿಯಲ್ಲಿ 1968ರಲ್ಲಿ ಬಂದ ನಿಯಮಗಳು ಮದ್ಯ ಮಾರಾಟವನ್ನು ಹಲವು ಬಗೆಯ ಲೈಸೆನ್ಸ್‌ಗಳಾಗಿ ವಿಂಗಡಿಸಿವೆ. ಸಿಎಲ್-2 ಚಿಲ್ಲರೆ ಮಾರಾಟದ ಅಂಗಡಿ, ಅಂದರೆ ಜನ ಕರೆಯುವ 'ವೈನ್ ಶಾಪ್'. ಬಾಟಲಿಯ ಮೇಲಿನ ಬೆಲೆ ಕೊಟ್ಟು ಕೊಂಡೊಯ್ಯಬೇಕು, ಅಲ್ಲೇ ಕುಡಿಯುವಂತಿಲ್ಲ. ಸಿಎಲ್-9 ಎಂದರೆ ಬಾರು. ನಿಯಮದ ಭಾಷೆಯಲ್ಲಿ ಇದಕ್ಕೆ 'ರಿಫ್ರೆಶ್‌ಮೆಂಟ್ ರೂಮ್' ಎಂಬ ಹೆಸರಿದೆ. ಬಾಟಲಿಯ ಬೆಲೆಗಿಂತ ಹೆಚ್ಚು ಕೊಟ್ಟು ಬಾರಿನಲ್ಲಿ ಕೂರುವ ಗಿರಾಕಿ ಆ ಹೆಚ್ಚಿನ ಹಣಕ್ಕೆ ಕೊಳ್ಳುವುದು ಕುರ್ಚಿ, ನೆರಳು, ಬಿಸಿ ತಿನಿಸು ಮತ್ತು ಉಪಚಾರ. ಉಪಚಾರವೇ ಇಲ್ಲವಾದರೆ ಉಳಿಯುವುದು ದುಬಾರಿ ವೈನ್ ಶಾಪ್ ಅಷ್ಟೆ.

ಹಾಗಿದ್ದರೆ ಮಾಲೀಕನಿಗೆ ಗಿರಾಕಿ ಕೈತಪ್ಪುವ ಭಯ ಏಕಿಲ್ಲ? 1992ರಿಂದ ಈಚೆಗೆ ರಾಜ್ಯ ಸರ್ಕಾರ ಹೊಸ ಸಿಎಲ್-2, ಸಿಎಲ್-9 ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿತು. ಹೊಸ ಬಾರುಗಳು ಬಂದದ್ದು ಬಹುಮಟ್ಟಿಗೆ ಸಿಎಲ್-7 ಎಂಬ ಹೋಟೆಲು-ವಸತಿಗೃಹಗಳ ಲೈಸೆನ್ಸ್ ಮೂಲಕ. 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂಬ ಫಲಕದ ಕೆಳಗೆ ಬಾರು ಕಾಣುವುದರ ಗುಟ್ಟು ಇದೇ. ಮದ್ಯದಂಗಡಿಗಳು ಬೇಕಾಬಿಟ್ಟಿ ಹೆಚ್ಚಬಾರದೆಂಬ ಆಶಯ ಸರಿಯಾದುದೇ. ಆದರೆ ಊರು ಬೆಳೆಯಿತು, ಲೈಸೆನ್ಸ್ ಬೆಳೆಯಲಿಲ್ಲ. ವ್ಯಾಪಾರದ ಪರವಾನಗಿಯಾಗಿದ್ದ ಕಾಗದ ಸೈಟಿನಂತೆ ಬೆಲೆ ಏರುವ ಆಸ್ತಿಯಾಯಿತು.

ಆಸ್ತಿಯಾದ ಮೇಲೆ ಲೆಕ್ಕಾಚಾರವೂ ಬದಲಾಗುತ್ತದೆ. ಲೈಸೆನ್ಸ್ ಒಬ್ಬನದು, ಬಾರು ನಡೆಸುವವನು ಇನ್ನೊಬ್ಬ ಎಂಬ ಸ್ಥಿತಿ ಎಷ್ಟೋ ಕಡೆ ಇದೆ. ನಡೆಸುವವನು ತಿಂಗಳ ಬಾಡಿಗೆ, ಜುಲೈ 1ಕ್ಕೆ ಆರಂಭವಾಗುವ ಅಬಕಾರಿ ವರ್ಷದ ಶುಲ್ಕ ಎಲ್ಲವನ್ನೂ ಮೇಜುಗಳಿಂದಲೇ ಎತ್ತಬೇಕು. ಒಂದು ಪೆಗ್ಗಿಗೆ ಎರಡು ತಾಸು ಕೂತು ಊರಿನ ರಾಜಕೀಯ ಮಾತಾಡುವ ಹಳೆಯ ಗಿರಾಕಿ ಆತನ ಕಣ್ಣಿಗೆ ನಷ್ಟ. ಬೇಗ ಕುಡಿದು ಬೇಗ ಏಳುವ ಅಪರಿಚಿತನೇ ಲಾಭ. ಬಿಲ್ಲು ಬೇಗ ಬರುವುದು ಅದಕ್ಕೇ.

ಸಪ್ಲೈಯರ್‌ನ ಪಾಡು ಇನ್ನೂ ಸೂಕ್ಷ್ಮ. ಆತನ ಆದಾಯದಲ್ಲಿ ಟಿಪ್ಸಿನ ಪಾಲು ದೊಡ್ಡದು. ಆದರೆ 2023ರ ಜುಲೈ ಬಜೆಟ್ಟಿನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತು. ಬಿಲ್ಲು ಹಿಗ್ಗಿದಷ್ಟೂ ತಟ್ಟೆಯಲ್ಲಿ ಬಿಡುವ ನೋಟು ಸಣ್ಣದಾಗುತ್ತದೆ. ನೌಕರಿಗೂ ಭದ್ರತೆ ಇಲ್ಲ. ಹೆದ್ದಾರಿ ಬದಿಯ ಮದ್ಯ ಮಾರಾಟದ ವಿರುದ್ಧ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶದಿಂದ 2017ರ ಜುಲೈನಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಅನೇಕ ಬಾರುಗಳು ಬಾಗಿಲು ಹಾಕಿದವು. ನಗರ ಪ್ರದೇಶಕ್ಕೆ ಆದೇಶ ಅನ್ವಯಿಸದೆಂದು ಕೋರ್ಟು ಅದೇ ತಿಂಗಳು ಸ್ಪಷ್ಟಪಡಿಸಿತು. ಆದರೆ ಬಾಗಿಲು ತೆರೆಯುವವರೆಗೆ ಸಂಬಳವಿಲ್ಲದೆ ಕಾಯುವುದು ಯಾವ ನೌಕರನಿಗೆ ಸಾಧ್ಯ? ಗಿರಾಕಿಗಳ ಗುರುತು ಎಲ್ಲೂ ಬರೆದಿಟ್ಟದ್ದಲ್ಲ, ಸಪ್ಲೈಯರ್‌ನ ತಲೆಯಲ್ಲಿರುವುದು. ಆತ ಹೋದರೆ ಅದೂ ಹೋಯಿತು.

ಗ್ರಾಹಕನಿಗೆ ಕಾನೂನಿನ ಆಸರೆ ಇಲ್ಲವೆಂದಲ್ಲ. ಹೋಟೆಲು, ರೆಸ್ಟೋರೆಂಟುಗಳು ಬಿಲ್ಲಿಗೆ ತಾವಾಗಿಯೇ ಸೇವಾ ಶುಲ್ಕ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ಆದರೆ ಬಿಲ್ಲಿನ ತಪ್ಪಿಗೆ ಪರಿಹಾರವಿದೆ, ಮುಖ ತಿರುಗಿಸಿದ್ದಕ್ಕೆ ಇಲ್ಲ.

ಕುಡಿತದ ಕೇಡು ಬಲ್ಲ ಮನೆಗಳಿಗೆ ಇದೊಂದು ಕೊರತೆಯೇ ಅಲ್ಲವೆನಿಸಬಹುದು. ಆದರೆ ಹಳೆಯ ಸಪ್ಲೈಯರ್ ಕೇವಲ ತಂದುಕೊಡುತ್ತಿರಲಿಲ್ಲ, ತಡೆಯುತ್ತಲೂ ಇದ್ದ. 'ಸಾಕು ಸಾರ್, ಮನೆಗೆ ಹೋಗಿ' ಎಂದು ಹೇಳಿ ಆಟೋ ಹತ್ತಿಸುವ ಸಲಿಗೆ ಗುರುತಿದ್ದವನಿಗೆ ಮಾತ್ರ ಇರುತ್ತದೆ. ಅಪರಿಚಿತನಿಗೆ ಅದನ್ನು ಹೇಳುವವರಾರು?

ಹಂಚಿಕೆಯಾಗದೆ ಉಳಿದ ಲೈಸೆನ್ಸ್‌ಗಳನ್ನು ಹರಾಜಿನ ಮೂಲಕ ಕೊಡುವುದಾಗಿ ಸರ್ಕಾರ 2025ರ ಮಾರ್ಚ್ ಬಜೆಟ್ಟಿನಲ್ಲಿ ಪ್ರಕಟಿಸಿತು. ಹರಾಜಿನಲ್ಲಿ ಗೆಲ್ಲುವವನು ಹೆಚ್ಚು ಹಣ ಕೂಗಿದವನೇ ಹೊರತು ಹೆಚ್ಚು ಜನರ ಹೆಸರು ಬಲ್ಲವನಲ್ಲ. ಕೂಗಿದ ಹಣವೂ ಕೊನೆಗೆ ಬರಬೇಕಾದದ್ದು ಅದೇ ಮೇಜುಗಳಿಂದ.